ಇನ್ನೂರ ಹದಿನೇಳು

ಮೂರು ತಿಂಗಳ ರೊಟ್ಟಿಯ ಬಾಕಿ ಕೇಳಲು ಹೋದರೆ
ಕ್ಯಾಂಟೀನಿನ ಪರುಳೇಕರ ಸಾಹೇಬ
ಡ್ರಾಯರು ತಡಕಾಡಿ, ಕೆಮ್ಮಿ,
ಎರಡು ಪಾಸು ಮುಂದಿಟ್ಟ.
ಶನಿವಾರ ರಾತ್ರಿ ಹನ್ನೊಂದರಿಂದ ಮೂರು,
ಮುನ್ನೂರೇ ಜನ ಒಳಗೆ.
ದೊಡ್ಡವರು ತಲೆಗೆ ಆರು ಸಾವಿರ ಕೊಡುತ್ತಾರೆ ಬಾಯಿ,
ನಿಮಗೆ ಪುಕ್ಕಟೆ.

ಪುಕ್ಕಟೆ!
ಒಂದಕ್ಕೆ ಎಂಟರಂತೆ
ಸಾವಿರದ ಐನೂರು ರೊಟ್ಟಿ.

ಗೊರಾಯಿ ಜೆಟ್ಟಿಗೆ ರಖಮಾತಾಯಿ,
ನನ್ನ ಹಿಟ್ಟು ನಾದುವವಳು,
ಮದುವೆಯ ಪೈಠಣಿ ಉಟ್ಟೇ ಬಂದಳು.
ಕತ್ತಲಲ್ಲಿ ಯಾರು ನೋಡಬೇಕು ಅದನ್ನು ಅಂದರೆ
ನಾನೇ, ಅಂದಳು.
ದೋಣಿಯ ತುಂಬ ಅತ್ತರು ಹಾಕಿದ ಹುಡುಗರು.
ಖಾಡಿಯ ನೀರು ಮಾತ್ರ
ಎಂದಿನಂತೆ ಕೆಸರು, ಒಣಮೀನು.

ಗೇಟಿನಲ್ಲಿ ಒಬ್ಬ ಹುಡುಗಿ
ಹಂಚು ಸುಟ್ಟ ಕಲೆಯ ಮೇಲೇ
ಕಿತ್ತಳೆ ಪಟ್ಟಿ ಬಿಗಿದಳು.
ಇನ್ನೂರ ಹದಿನೇಳು.
ರಖಮಾತಾಯಿ ಇನ್ನೂರ ಹದಿನೆಂಟು.
ಇಷ್ಟು ವರ್ಷ ಹಿಂದಿನ ಬಾಗಿಲಿಗೆ ಬುಟ್ಟಿ ಇಳಿಸಿ
ತಿರುಗಿ ಹೋದವಳು ನಾನು.
ಮುಂದಿನ ಬಾಗಿಲಿಗೆ ಇಷ್ಟು ದೀಪ ಇವೆಯೆಂದು
ಯಾರೂ ಹೇಳಿರಲಿಲ್ಲ.

ಸರತಿಯೇ ಇಲ್ಲ.
ಕಬ್ಬಿಣದ ಕಟಕಟೆ ಹಾವಿನಂತೆ ಸುತ್ತಿ ಸುತ್ತಿ ಮಲಗಿತ್ತು,
ಹೊಟ್ಟೆ ಖಾಲಿ.
ಹುಡುಗರು ಬಗ್ಗಿ, ಸರಳಿನ ಕೆಳಗೆ ತೂರಿ
ನೇರ ಹೋದರು.
ನಾವು ಒಂದೊಂದು ತಿರುವನ್ನೂ ನಡೆದೆವು.
ಟ್ಯಾಂಕರಿಗೆ, ರೇಷನ್ನಿಗೆ,
ಹೆರಿಗೆ ಆಸ್ಪತ್ರೆಯ ಚೀಟಿಗೆ,
ಆರೂ ನಲವತ್ತರ ಹೆಂಗಸರ ಡಬ್ಬಿಗೆ
ನಿಂತು ನಿಂತು ಬಂದ ಕಾಲು;
ಅಡ್ಡ ದಾರಿ ಅದಕ್ಕೆ ತಿಳಿಯದು.
ಯಾರೂ ಇಲ್ಲದ ಕಡೆಯೂ ರಖಮಾತಾಯಿ
ಮುಂದಿನವರ ಬೆನ್ನಿಗೆ ಮೊಳ ಜಾಗ ಬಿಟ್ಟು ನಿಂತಳು.

ಆಮೇಲೆ ಬಂಡಿ ಏರಿತು, ಟಕ ಟಕ ಟಕ ಟಕ,
ತುದಿಯಲ್ಲಿ ಒಂದು ಕ್ಷಣ
ಏನೋ ಮರೆತವರಂತೆ ನಿಂತಿತು.
ಆ ದಂಡೆಯ ಊರೆಲ್ಲ ಕಂಡಿತು,
ಅದರೊಳಗೆ ಎಲ್ಲೋ ನನ್ನ ಒಲೆ, ಆರಿದ್ದು.

ಬಿದ್ದೆವು.

ಕೆಳಗೆ ಬಂದು ಕಣ್ಣು ತೆರೆದರೆ
ಗುಂಡಿ ಒತ್ತುವ ಹುಡುಗ ಓಡಿ ಬಂದಿದ್ದಾನೆ:
ಯಾ ಊರ್ರೀ ಅಕ್ಕಾರ?
ನಾಕ ವರ್ಷ ಆತು ಇಲ್ಲಿ ನಿಂತು.
ಆಯೀ ಗ ಕೇಳೇನಿ, ಮಮ್ಮೀ ಕೇಳೇನಿ,
ಯಾವ ದೇಶದ್ದೋ ಭಾಷಾದಾಗ ಬೈದದ್ದೂ ಕೇಳೇನಿ.
ಯವ್ವಾ ಸತ್ತ್ನೆಪೋ ಅಂದವರು ನೀವ ಮೊದಲ.

ನಾನು ಅಂದದ್ದು ನನಗೇ ಗೊತ್ತಿರಲಿಲ್ಲ.
ಇಪ್ಪತ್ತಾರು ವರ್ಷ
ದರಕ್ಕೆ ಹಿಂದಿ, ಜಗಳಕ್ಕೆ ಮರಾಠಿ;
ಇದು ಎಲ್ಲಿ ಅಡಗಿ ಕೂತಿತ್ತೋ,
ನೂರಡಿ ಬಿದ್ದ ಮೇಲೆ ಹೊರಬಿತ್ತು.

ಚಡಚಣ, ಅಂದೆ. ಅವನು ಇಂಡಿ.
ಹೆಸರು ಮಾಳಪ್ಪ.
ಕ್ಯಾಂಟೀನಿಗೆ ರೊಟ್ಟಿ ನಂದೇ, ಅಂದೆ, ಸ್ವಲ್ಪ ಜಂಬದಿಂದ.
ಹೌದೇನ್ರಿ? ಅಂದ. ತಲೆ ಕೆರೆದ.
ಶುಕ್ರವಾರದವು ಭಾಳ ದಪ್ಪರೀ ಅಕ್ಕಾರ,
ನಡಕ ಹಸಿ ಇರ್ತಾವ.
ರಖಮಾತಾಯಿ ಕನ್ನಡ ತಿಳಿಯದೆಯೂ
ನಕ್ಕು ನಕ್ಕು ಸೆರಗು ಕಚ್ಚಿದಳು.

ಮತ್ತೆ ಕೂಡ್ರಿ, ಅಂದ.
ಇಪ್ಪತ್ತನಾಲ್ಕು ಸೀಟಿನ ಬಂಡಿಗೆ ನಾವಿಬ್ಬರೇ.
ಉಳಿದ ಸೀಟಿಗೂ ಒಂದೊಂದಾಗಿ ಪಟ್ಟಾ ಬಿಗಿದ,
ಖಾಲಿಯವು ಬಿದ್ದು ಹೋಗಬಾರದಲ್ಲ.
ನಾಲ್ಕು ಸಲ.
ನಾಲ್ಕನೆಯ ಸಲ ನಾನು ಕೂಗಲಿಲ್ಲ.
ತುದಿಯಲ್ಲಿ ಮೀನುದೋಣಿಗಳ ದೀಪ ಎಣಿಸಿದೆ:
ಹನ್ನೊಂದು.

ಮೂರೂ ಇಪ್ಪತ್ತರ ಕೊನೆಯ ದೋಣಿ.
ಪೈಠಣಿಯ ಅಂಚಿಗೆ ಗ್ರೀಸು.
ಅವಳು ನೋಡಿದಳು, ಏನೂ ಅನ್ನಲಿಲ್ಲ,
ನನ್ನ ಹೆಗಲ ಮೇಲೆ ಬಾಯಿ ತೆರೆದು ನಿದ್ದೆ.

ನಾಲ್ಕೂವರೆಗೆ ಗಲ್ಲಿಯ ನಲ್ಲಿ.
ನನ್ನ ಕೊಡ ಒಂಬತ್ತನೆಯದು.
ಮುಂದಿದ್ದ ದುರ್ಪದಾ ಹಿಂದಿರುಗಿ
ಮಣಿಕಟ್ಟಿನ ಪಟ್ಟಿ ನೋಡಿ ಗಾಬರಿಯಾದಳು:
ಯಾವ ಆಸ್ಪತ್ರೆ? ಯಾವಾಗ ಸೇರಿಸಿದರು?

ನಿನ್ನೆ ರಾತ್ರಿ, ಅಂದೆ.

ಬಿಟ್ಟರಾ?

ಬಿಟ್ಟರು.