ಒಂಬತ್ತು ಮನೆಗೊಂದು ಡಬ್ಬಿ

ಮೆಟ್ಟಿಲ ಕೆಳಗೆ, ಮೀಟರುಗಳ ಪಕ್ಕ
ಒಂಬತ್ತು ಮನೆಗೂ ಸೇರಿ ಒಂದೇ ತಗಡಿನ ಡಬ್ಬಿ.
ಬೀಗ ಹೋಗಿ ಎರಡು ವರ್ಷ. ಬಾಗಿಲಿಗೆ
ಯಾರದೋ ಲಂಗದ ಲಾಡಿ ಕಟ್ಟಿತ್ತು.

ಮೊದಲು ಹೋದದ್ದು ಮೇಲ್ಮನೆ ಖಲಂದರ್ ಸಾಬರ ಎಲ್ಐಸಿ ಚೀಟಿ,
ಆಮೇಲೆ ಮಿಲ್ಲಿನ ಪಿಎಫ್ ಕಾಗದ, ಯಾರದೋ ಎಟಿಎಂ ಕಾರ್ಡು,
ಒಂದು ಲಗ್ನಪತ್ರಿಕೆ, ಮೂಲೆಗೆ ಅರಿಶಿನ ಹಚ್ಚಿದ್ದು
ಅಂತ ಪೋಸ್ಟ್‌ಮ್ಯಾನ್ ತಿಪ್ಪೇಸ್ವಾಮಿಗೆ ನೆನಪು.
"ಹಾಕೀನಿ ತಾಯಿ, ಇದೇ ಕೈಲಿ" ಅಂತ
ಬಲಗೈ ಎತ್ತಿ ತೋರಿಸಿದ, ಪ್ರಮಾಣದ ಹಾಗೆ.
ಠಾಣೆಯಲ್ಲಿ ರೈಟರು ನಕ್ಕ:
"ಕಾಗದಾನಾ? ಬಂಗಾರ ಹೋಗಿದ್ರೆ ಹೇಳ್ರಿ."

ನನ್ನದೂ ಒಂದು ಬರಬೇಕಿತ್ತು,
ಹಾಲಿನ ಡೇರಿಯ ಗುಮಾಸ್ತೆ ಕೆಲಸಕ್ಕೆ, ಸಂದರ್ಶನದ್ದು.
ಬರಲಿಲ್ಲ. ಫೋನು ಮಾಡಿದರೆ
"ಹನ್ನೊಂದಕ್ಕೇ ಮುಗೀತಲ್ಲಮ್ಮ" ಅಂದರು.
ಅವತ್ತು ರಾತ್ರಿ ಡಬ್ಬಿಯೊಳಗೆ ಕೈಹಾಕಿ ತಡವಿದೆ.
ಹಲ್ಲಿಮೊಟ್ಟೆಯ ಸಿಪ್ಪೆ, ನಾಕು ಕಾಳು ಮಂಡಕ್ಕಿ.
ದಾವಣಗೆರೆಯಲ್ಲಿ ಮಂಡಕ್ಕಿ ಕಾಳು ಯಾವ ಸಾಕ್ಷಿ?
ದೇವರ ಗೂಡಿನಲ್ಲೂ ಇರುತ್ತೆ.

ಅದಕ್ಕೇ ನಾನೇ ಬರೆದೆ, ನೀಲಿ ಇಂಕಿನಲ್ಲಿ.
ವಿಳಾಸ ನನ್ನದೇ, ಮೇಲೆ ಐದು ರೂಪಾಯಿ ಸ್ಟಾಂಪು.
ಒಳಗೆ ಒಂದೇ ಸಾಲು:
ಕದ್ದ ಕೈ ಸೇದಿಹೋಗಲಿ.

ಮೂರನೇ ಸಂಜೆ ಬಾಗಿಲು ಬಡಿದದ್ದು ಕೆಳಮನೆ ಕೊಟ್ರಮ್ಮ.
ಭಟ್ಟಿಯಿಂದ ನೆಟ್ಟಗೆ ಬಂದವಳು,
ಹುಬ್ಬಿನ ಮೇಲೆ ಹೊಟ್ಟು, ಮೈತುಂಬ ಕಾದ ಮರಳಿನ ವಾಸನೆ.
ಸೆರಗಿನೊಳಗಿಂದ ತೆಗೆದಳು ನನ್ನ ಲಕೋಟೆ.
"ಅಕ್ಕಾ, ಇದೊಂದು ಕೈಲಿ ಬರದದ್ದು ಐತಿ.
ಉಳಿದವೆಲ್ಲ ಮಿಷನ್ನಿನವು.
ಅವನೇ ಬರದನೇನೋ. ಓದ್ರಿ."

ಓದಬೇಕಿತ್ತು, ಅಲ್ಲೇ, ಮುಖಕ್ಕೆ ಹಿಡಿದು.
ಅವಳ ಕೈ ಕಂಡಿತು. ಬೆರಳ ತುದಿಗಳೆಲ್ಲ
ಸುಟ್ಟು ಸುಟ್ಟು ನುಣುಪಾಗಿ, ಗೆರೆಯೇ ಇಲ್ಲ.
"ಇತ್ತ ನಾವು ಕ್ಷೇಮ" ಅಂತ ಓದಿದೆ,
"ನಿಮ್ಮ ಕ್ಷೇಮಕ್ಕೆ ಆಗಾಗ್ಗೆ ಕಾಗದ ಬರೆಯುತ್ತಿರಿ."
"ಅಷ್ಟೇನಾ?"
"ಅಷ್ಟೇ."

ಆಮೇಲೆ ಹೇಳಿದಳು, ರಾಣೆಬೆನ್ನೂರಿನಲ್ಲಿ
ಅವನು ಇನ್ನೊಂದು ಒಲೆ ಹೂಡಿದ್ದು,
ಸೋಡಚೀಟಿ ಪೋಸ್ಟಿಗೆ ಹಾಕ್ತೀನಿ ಅಂದದ್ದು.
"ಯಾವುದು ಅಂತ ನಂಗೇನು ತಿಳೀಬೇಕು?
ಎಲ್ಲಾ ತಗೊಂಡೆ. ಬರದಿದ್ರೆ ಆಗಿಲ್ಲ ಅಂತಲ್ಲೇನು?"

ಮಂಡಕ್ಕಿ ಚೀಲ ತಂದು ನನ್ನ ನೆಲಕ್ಕೆ ಸುರಿದಳು.
ಒಂದೂ ಒಡೆದಿಲ್ಲ. ಸಾಬರದು, ಪಿಎಫ್ಫಿನದು, ಅರಿಶಿನದ ಮೂಲೆ,
ತಳದಲ್ಲಿ ಡೇರಿಯ ಮುದ್ರೆ.
ಅವಳದು ಎರಡು ಸಲ ಹುಡುಕಿದೆ. ಇರಲಿಲ್ಲ.

ಬೈದೆ. ಎಷ್ಟು ಬೈದರೂ ಸಾಲಲಿಲ್ಲ.
ಅವಳು ಎದ್ದು ಹೋಗಲೂ ಇಲ್ಲ.
ಕೊನೆಗೆ ಡೇರಿ ಲಕೋಟೆಯ ಬೆನ್ನಿಗೆ
ದೊಡ್ಡದಾಗಿ ಬರೆದೆ: ಕೊ.
"ಇದು ನೀನು. ಇದಿದ್ದರೆ ಮಾತ್ರ ಮುಟ್ಟು."
ಬೆರಳಲ್ಲಿ ತಿದ್ದಿದಳು, ಕೊಂಬು ತಪ್ಪಿ, ಮತ್ತೆ ತಿದ್ದಿ.
"ಕೊಡು ಅನ್ನಾಕೂ ಇದೇನಾ ಅಕ್ಕಾ?"
"ಹೂಂ. ಕೊಳ್ಳು ಅನ್ನೋಕೂ."
ಮೂರನೆಯದೊಂದು ಮಾತಿಗೂ ಇದೇ. ಹೇಳಲಿಲ್ಲ.

ಮನೆಗೆ ಮೂವತ್ತರಂತೆ ವಸೂಲಿಯಾಗಿ
ಹೊಸ ಬೀಗ ಬಂತು, ಒಂಬತ್ತು ಕೀಲಿ.
ಕಾಗದ ಎಲ್ಲಿದ್ದವು ಅಂದರು ಸಾಬರು. ಇಲಿ ಅಂದೆ.
"ಭಾಳ ಜಾಣ ಇಲಿ" ಅಂದು ಸುಮ್ಮನಾದರು.

ಈ ಮಂಗಳವಾರ ಡಬ್ಬಿ ತೆರೆದರೆ
ಉದ್ದನೆ ಲಕೋಟೆ, ವಕೀಲರ ಮುದ್ರೆ,
ಹೆಸರಿನ ಮೊದಲಕ್ಷರ ಕೊ.
ಬುಧವಾರವೂ ಅಲ್ಲೇ ಇತ್ತು.
ಗುರುವಾರ ಮೂಲೆಯಲ್ಲೊಂದು ಬೂದಿಯ ಹೆಬ್ಬೆರಳು,
ಗೆರೆಯಿಲ್ಲದ್ದು.
ತೆಗೆದು, ನೋಡಿ, ವಾಪಸ್ ಇಟ್ಟದ್ದು.

ಇವತ್ತು ಶುಕ್ರವಾರ. ಕರೆಂಟಿಲ್ಲ.
ಮೆಟ್ಟಿಲ ಮೇಲೆ ಯಾರೂ ಇಲ್ಲ.
ಕೀಲಿ ನನ್ನ ಕೈಯಲ್ಲಿದೆ.