ಕಳಚಿಟ್ಟದ್ದು

ಹಗಲು ನಾನು ಹಲ್ಲು ಮಾಡುವವ.
ಕೋಡಿಬಾಗದ ರಸ್ತೆಗೆ ಬೆನ್ನು ಹಾಕಿದ ಒಂದೂವರೆ ಕೋಣೆಯಲ್ಲಿ
ಊರಿನ ಅರ್ಧ ನಗು ಅಚ್ಚಿನಲ್ಲಿ ಒಣಗುತ್ತಿರುತ್ತದೆ.
ಸಂಜೆ ಶಟರ್ ಮೊಣಕಾಲಿನವರೆಗೆ ಇಳಿಸಿ
ಅದೇ ಡ್ರಿಲ್ಲಿಗೆ ಸಣ್ಣ ಸೂಜಿ ಸಿಕ್ಕಿಸಿ
ಕಲ್ಲಿನ ಬಾಯಿ ಬಿಡಿಸುತ್ತೇನೆ.

ಕಲ್ಲು ನಮ್ಮೂರಿನದಲ್ಲ.
ನಮ್ಮ ಗುಡ್ಡದ ಬಂಡೆ ಬೆಂದು ಬೆಂದು ನೆನಪು ಸುಟ್ಟುಕೊಂಡದ್ದು,
ಕಣ್ಣೆಂಬುದು ಹುಟ್ಟುವ ಮೊದಲೇ ಗಟ್ಟಿಯಾದದ್ದು;
ಎಷ್ಟು ಕೆರೆದರೂ ಒಂದು ಕಾಲೂ ಸಿಕ್ಕದು.
ಇದು ಮೊರಾಕ್ಕೋದ ಟ್ರೈಲೊಬೈಟ್.
ಡಾಂಬರಿನ ಹಡಗಿನ ಅಡುಗೆಯವ ಇನಾಸ್
ಮೈದಾ ಚೀಲದಲ್ಲಿ ಸುತ್ತಿ ತಂದು
ಬೈತಖೋಲದಲ್ಲಿ ಕೈಗಿಟ್ಟ:
"ತಲೆ ಮುರಿದದೆ ಅಂತ ಅರ್ಧ ಕ್ರಯಕ್ಕೆ ಕೊಟ್ಟ."

ನಾಲ್ಕು ತಿಂಗಳು.
ಬೆನ್ನೆಲುಬಿಲ್ಲದ ಒಂದು ಬೆನ್ನು, ಹನ್ನೊಂದು ಮಡಿಕೆ,
ಮಡಿಕೆಗೊಂದು ವಾರ.
ಕಣ್ಣಿನ ಹತ್ತಿರ ಬಂದಾಗ ಡ್ರಿಲ್ ಬಂದ್ ಮಾಡಿ
ಬಿದಿರು ಕಡ್ಡಿ ಹಿಡಿದೆ.
ಸಾಲು ಸಾಲು ಮಣಿ, ಸಾಸಿವೆಗಿಂತ ಸಣ್ಣವು,
ಎಲ್ಲ ಸುಣ್ಣದ ಹರಳು.
ನಾವು ಎಲೆಗೆ ಹಚ್ಚಿ ಉಗಿಯುವ ಸುಣ್ಣವನ್ನೇ
ಕಣ್ಣು ಮಾಡಿಕೊಂಡು ಅದು ನೋಡಿತ್ತು.

ಏನನ್ನು ನೋಡಿತ್ತೋ.
ದಡವಿತ್ತು, ದಡದಲ್ಲಿ ಒಂದು ಹುಲ್ಲೆಸಳಿರಲಿಲ್ಲ.
ಬೆಳಗಾಯಿತೆಂದು ಹೇಳಲು ಕಾಗೆಯಿರಲಿಲ್ಲ.
ಚಂದ್ರ ಇನ್ನಷ್ಟು ಹತ್ತಿರ, ಭೂಮಿಗೆ ತಿರುಗುವ ಅವಸರ:
ವರ್ಷಕ್ಕೆ ನಾನೂರು ದಿನ.
ನಾನೂರು ಸಂಜೆ! ನನಗೆ ಸಿಕ್ಕಿದ್ದರೆ
ಎಷ್ಟು ಕಲ್ಲು ಬಿಡಿಸುತ್ತಿದ್ದೆ ಎಂದು ಲೆಕ್ಕ ಹಾಕಿದೆ.
ಆ ಸಂಜೆಗಳೂ ಅಷ್ಟಷ್ಟು ಗಿಡ್ಡ ಎಂಬುದು
ಆಮೇಲೆ ಹೊಳೆಯಿತು.

ತಲೆ ಮಾತ್ರ ಸರಿಹೋಗಲಿಲ್ಲ.
ಮೈಯಿಂದ ಒಂದು ಬೆರಳು ದೂರ, ಓರೆಯಾಗಿ ತಿರುಗಿ,
ಒಂದು ಕಣ್ಣು ಮೇಲೆ, ಇನ್ನೊಂದು ಕಲ್ಲಿನೊಳಗೆ.
ಬಿಡಿಸಿ, ಅಂಟು ಹಾಕಿ ಕೂರಿಸಲೇ ಎಂದು ನೋಡಿದೆ.
ಸೆಟ್ಟು ಕೂರಿಸುವ ಕೈಗೆ ಅದೇನು ದೊಡ್ಡದಲ್ಲ.

ಕೆಳಗಿನ ಸೆಟ್ಟಿಗೆ ಅಳತೆ ಕೊಡಲು ಬಂದ ಶೇವಂತಿ ಹರಿಕಂತ್ರ
ಮೀನಿನ ಬುಟ್ಟಿ ಹೊರಗಿಟ್ಟು, ಬಾಯ್ತುಂಬ ಅಚ್ಚಿನ ಹಿಟ್ಟು ಕಚ್ಚಿಕೊಂಡು
ಮೇಜಿನ ಕಡೆಗೇ ಬೆರಳು ಮಾಡಿದಳು.
ಅಚ್ಚು ತೆಗೆದ ಮೇಲೆ ಮಾತು ಬಂತು:
"ಯಾವ ಏಡಿ ಇದು?"
ಏಡಿಯಲ್ಲ, ನಲವತ್ತು ಕೋಟಿ ವರ್ಷದ ಹಿಂದೆ ಸತ್ತದ್ದು ಎಂದೆ.
"ಸತ್ತದ್ದಲ್ಲ ತಮಾ, ಬಿಟ್ಟು ಹೋದದ್ದು.
ಏಡಿಯೂ ಹೀಂಗೇ. ಚಿಪ್ಪು ಬಿಗಿಯಾದ್ರೆ
ಒಂದು ಬದಿ ಒಡ್ಕೊಂಡು ಹೊರಗೆ ಬತ್ತದೆ.
ಮೆತ್ತಗಿರ್ತದೆ ಆಗ. ಎಲ್ಲಾದ್ರೂ ಅಡಗ್ತದೆ."
ಬೊಚ್ಚು ಬಾಯಿಗೆ ಎಲೆ ಹಾಕಿಕೊಂಡು
ಬುಟ್ಟಿ ಎತ್ತಿದಳು.

ಹಾಗಾದರೆ ಆ ಹರಳುಗಳನ್ನೂ ಬಿಟ್ಟು ಹೋಗಿತ್ತು ಅದು.
ಮೆತ್ತನೆ ಮೈಯಲ್ಲಿ, ಮೆತ್ತನೆ ಕಣ್ಣಲ್ಲಿ
ಆ ದೊಡ್ಡ ಭರತದ ಕೆಸರಿನಲ್ಲಿ ತಡಕಾಡುತ್ತ
ಎಲ್ಲಿಗೋ.
ನಾನು ನಾಲ್ಕು ತಿಂಗಳು ಹೆಣವೆಂದು ತೊಳೆದದ್ದು
ಯಾರೋ ಬಿಚ್ಚಿಟ್ಟ ಅಂಗಿ.

ಚೀಟಿಯಲ್ಲಿ ಬರೆದದ್ದನ್ನು ಹೊಡೆದು ಹಾಕಿದೆ.
ಕಲ್ಲೊಳಗಿನ ಇನ್ನೊಂದು ಕಣ್ಣನ್ನು ಬಿಡಿಸಲಿಲ್ಲ.
ಶೇವಂತಿಯ ಬಾಯಿಯ ಅಚ್ಚಿನ ಪಕ್ಕ
ಅದನ್ನೂ ಒಣಗಲು ಇಟ್ಟಂತೆ ಇಟ್ಟು
ಅಂಟಿನ ಡಬ್ಬಿಯ ಮುಚ್ಚಳ ಹಾಕಿದೆ.