ಮೂವತ್ತು ಸೆಕೆಂಡು ಹಿಂದ

ಮೊದಲ ಫೋನು ಬಿದಿರಿಗೆ ಕಟ್ಟಿದೆ.
ಕಾಯ್ತಾನ್ ಅಂಕಲ್ ಕೊಟ್ಟ ಬಿದಿರು,
ನತಾಲಕ್ಕ ನಕ್ಷತ್ರದ ಗೂಡುದೀಪ ತೂಗಹಾಕೂದು,
ಡಿಸೆಂಬರದಾಗ ವಾಪಸ್ ಬೇಕು ಅಂದಾರ.
ಸೈಕಲ್ ಟ್ಯೂಬಿನ ನಾಕು ಸುತ್ತು. ಗಟ್ಟಿ.
ಎರಡನೇ ಫೋನು ಅಂಗೈಯಾಗ, ಗಾಜು ಸೀಳಿದ್ದು,
ಚಿತ್ರ ಹೊಂಟೈತೋ ಇಲ್ಲೋ ನೋಡಾಕ.

ಜುವಾರಿನಗರದಾಗ ನೆಟ್‌ವರ್ಕ್ ಅಂದ್ರ
ನಳದ ನೀರಿದ್ದಂಗ, ಬಂದಾಗ ಹಿಡೀಬೇಕು.
ವೇದಿಕೆ ಹತ್ರ ಒಂದ ಕಡ್ಡಿ,
ಕಿಟಕಿ ಕಟ್ಟಿ ಮ್ಯಾಲ ಮೂರು.
ಹಂಗಾಗಿ ಕ್ಯಾಮೆರಾ ಭಾಷಣ ನೋಡೂದಿಲ್ಲ,
ಪಂಕ್ತಿ ನೋಡತೈತಿ, ಹಿಂದಿನ ಬಾಗಲಾ ನೋಡತೈತಿ,
ಅಲ್ಲಿ ಜಮಲವ್ವ ರೊಟ್ಟಿ ಬಡೀತಾಳ.
ಹಾರ ಹಾಕ್ಕೊಂಡವರು ಸಿಟ್ಟಾದ್ರು. ಆಗ್ಲಿ.

ಊಟಕ್ಕ ರೇಟ್ ಇಲ್ಲ. ಉಂಡು, ಕೈ ತೊಳದು,
ಎಣ್ಣಿ ಡಬ್ಬಿ ಕೊರದು ಮಾಡಿದ ಹುಂಡಿಗೆ
ಮನಸಿಗೆ ಬಂದಷ್ಟು.
ಬರಲಾರದವರಿಗೆ ಪರದೆ ಮೂಲ್ಯಾಗ ಕ್ಯೂಆರ್ ಚೌಕ,
ಬಾದಾಮಿಗೆ, ರೋಣಕ್ಕ, ಹುನಗುಂದಕ್ಕ, ಲಿಂಗಸೂಗೂರಿಗೆ.
ಬೇಕಾಗಿದ್ದು ಒಂದು ಗಾಡಿ.
ಹಳೇದಾದ್ರೂ ನಡದೀತು,
ಅನಮೋಡ ಘಾಟ ಹತ್ತಬೇಕು,
ಒಬ್ಬರು ಉದ್ದಕ ಮಲಗಾಕ ಜಾಗ ಇರಬೇಕು.

ಹ್ವಾದ ಮಳಿಗಾಲದಾಗ ಸೋಮಲೆಪ್ಪ.
ಏಳನೇ ಮಾಳಿಗಿ, ಸೆಂಟ್ರಿಂಗ್ ಹಲಗಿ.
ಎರಡು ದಿನ ದವಾಖಾನಿ ತಣ್ಣನ ಖೋಲ್ಯಾಗ.
ಹದಿನೆಂಟು ಸಾವಿರ ಅಂದ ಒಬ್ಬ,
ಇನ್ನೊಬ್ಬ ಫೋನ ಎತ್ತಲಿಲ್ಲ.
ಕಡೀಕ ಉಳ್ಳಾಗಡ್ಡಿ ಇಳಿಸಿ ತಿರುಗಿ ಹೊಂಟ ಲಾರಿ.
ತಾಂಡಾ ಮುಟ್ಟೂದ್ರಾಗ ಮೈತುಂಬ ಸಿಪ್ಪಿ,
ಸಿಪ್ಪಿ ಆರಿಸಿ ಆರಿಸಿ ಅಳೂದು ಮರತೆ
ಅಂತಾಳ ಜಮಲವ್ವ, ಹಿಟ್ಟು ನಾದಕೊಂತ.

ಎಂಟಕ್ಕ ಚಾಲೂ.
ನೋಡೋರು ಮೂರು. ಹನ್ನೊಂದು.
ತಿರಗೂ ಚಕ್ರ, ತಿರಗೂ ಚಕ್ರ.
ನಲವತ್ತೆರಡು.
ಎಣಗಾಯಿಗೆ ಖಾರ ಕಮ್ಮಿ ಕಾಣತೈತಿ,
ಗಜೇಂದ್ರಗಡದಿಂದ ಯಾರೋ ಬರದ್ರು.
ಅಣ್ಣಾ, ನನ್ನ ಮಗನ್ನ ತೋರಸು, ಕೆಂಪು ಅಂಗಿ.
ಬಿದಿರು ತಿರುವಿದೆ. ಮಾದ್ಲಿಗೆ ತುಪ್ಪ ಹಾಕಿಸ್ಕೊಂತಿದ್ದ ಹುಡುಗ
ತಲಿ ಎತ್ತಲಿಲ್ಲ.
ಅವ್ವನ ನೂರಾ ಒಂದು ರೂಪಾಯಿ
ಟಣ್ ಅಂತ ಬಂದು ಬಿತ್ತು.

ಯಾರಿಗೂ ಹೇಳದ ಸಂಗತಿ ಒಂದೈತಿ:
ಅಂಗೈಯ ಫೋನಿನಾಗ ಎಲ್ಲಾ ತಡ.
ಇಲ್ಲಿ ಸಾರು ಬಿದ್ದು ಅನ್ನದಾಗ ಇಂಗಿರತೈತಿ,
ಅಲ್ಲಿ ಸೌಟು ಇನ್ನೂ ಗಾಳ್ಯಾಗ.
ಇಲ್ಲಿ ಎದ್ದು ಹ್ವಾದವ
ಅಲ್ಲಿ ಕುಂತಾನ, ಬೆರಳು ನೆಕ್ಕತಾನ.
ಮೂವತ್ತು ಸೆಕೆಂಡು. ಎಣಿಸೇನಿ.

ಕೈ ಒರಸಕೊಂತ ಬಂದ ಜಮಲವ್ವ ಇಣುಕಿದ್ಲು.
ಪರದ್ಯಾಗ ಆಕಿ ಇನ್ನೂ ರೊಟ್ಟಿ ಬಡಿಯಾಕತ್ತಿದ್ಲು.
ಇದನ್ನ ಇನ್ನೂ ಹಿಂದಕ ಸರಸಾಕ ಬರತೈತೇನೋ ಮೌಲಾ?
ಬರೂದಿಲ್ಲ ಅಂದೆ.
ಸುಮ್ನ ಕೇಳಿದೆ, ಅಂದು
ಒಲಿ ಕಡೆ ಹೋದ್ಲು.

ಹನ್ನೊಂದೂವರಿಗೆ ಹುಂಡಿ ಸುರುವಿದ್ವಿ.
ಫೋನಿಗೆ ಬಂದಿದ್ದೂ ಕೂಡಿಸಿ
ಅರವತ್ತೊಂದು ಸಾವಿರದ ನಾನೂರು,
ಹರದ ನೋಟು ಎರಡು, ಅಂಗಿ ಗುಂಡಿ ಒಂದು.
ಗಾಡಿಯ ಮುಂದಿನ ಅರ್ಧ ಬಂದಂಗಾತು, ಅಂದ ಫಕೀರಪ್ಪ,
ಹಿಂದಿನ ಅರ್ಧಕ್ಕ ಇನ್ನೊಂದು ಊಟ ಹಾಕಬೇಕು.
ಯಾರೂ ನಗಲಿಲ್ಲ, ಆಮ್ಯಾಲ ಎಲ್ಲಾರೂ ನಕ್ರು.

ಎಲ್ಲಾರೂ ಹೋದ್ರು. ಒಂದ ಟ್ಯೂಬ್‌ಲೈಟು.
ಬಂದ್ ಮಾಡೂದ ಮರತಿದ್ದೆ,
ಖಾಲಿ ಪಂಕ್ತಿ, ಕಸಬರಿಗಿ, ಒಂದು ನಾಯಿ
ಜಗತ್ತಿಗೆಲ್ಲಾ ಹೊಂಟಿದ್ವು.
ನೋಡೋರು: ಒಂದು.
ಇಷ್ಟೊತ್ತಿನಾಗ ಯಾರು? ಎದಿ ಝಲ್ ಅಂತು.
ತಾಂಡಾದಾಗ ಇನ್ನೂ ಮಲಗದ ಯಾವ ಮುದುಕಿ?
ಆಮ್ಯಾಲ ಹೊಳೀತು,
ಆ ಒಬ್ಬ ನಾನ. ನನ್ನ ಅಂಗೈ.

ಬಿದಿರಿನ ಫೋನು ಆರಿಸಿದೆ.
ಅಂಗೈಯಾಗ ಇನ್ನೂ ದೀಪ ಇತ್ತು.
ದೂರದಿಂದ ಒಬ್ಬ, ಕೈ ಮುಂದ ಚಾಚಿ,
ನಾಯಿ ದಾಟಿ ನಡಕೊಂತ ಬರಾಕತ್ತಿದ್ದ.
ಬರಲಿ ಅಂತ ನಿಂತೆ.